ಆಲೂಗಡ್ಡೆಯ ಹೊಲದಿಂದ ಬಂದ ಹಣ

ಐರ್ಲೆಂಡಿನ ಪ್ಯಾಟ್ರಿಕ್ ಮ್ಯಾಕ್‌ಗಿಲ್ 1914ರಲ್ಲಿ ಪ್ರಕಟಿಸಿದ ‘ಚಿಲ್ಡ್ರನ್ ಆಫ್ ದ ಡೆಡ್ ಎಂಡ್’ ಎಂಬ ಕಾದಂಬರಿಯನ್ನು ಓದಿ ಮುಗಿಸಿದ ನನ್ನ ಸಹಪಾಠಿಯೊಬ್ಬರು, ಅದರ ನಾಯಕನಾದ ಡರ್ಮಡ್ ಫ್ಲಿನ್ ಶುದ್ಧ ಕೃತಘ್ನನೆಂದು ತೀರ್ಪಿತ್ತರು. ಹೊಟ್ಟೆಗಿಲ್ಲದ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಊರಲ್ಲಿ ಬಿಟ್ಟು ಸ್ಕಾಟ್ಲೆಂಡಿಗೆ ದುಡಿಯಲು ಹೋದ ಹುಡುಗ, ಕೂಲಿಯ ಹಣವನ್ನು ಇಸ್ಪೀಟಿನಲ್ಲಿ ಕಳೆದು, ಕೊನೆಗೆ ಮನೆಗೆ ಹಣ ಕಳಿಸುವುದನ್ನೇ ನಿಲ್ಲಿಸಿದನಲ್ಲಾ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯೇನೋ ಸುಳ್ಳಲ್ಲ. ಆದರೆ ಅಷ್ಟರಿಂದಲೇ ಅವನನ್ನು ಕೃತಘ್ನನೆಂದು ಕರೆಯುವುದು ನ್ಯಾಯವಲ್ಲವೆಂದು ನನ್ನ ಮತ. ಕೃತಘ್ನತೆಯ ಮಾತನ್ನೆತ್ತುವ ಮೊದಲು ಸಾಲವನ್ನು ಯಾರು ಮಾಡಿದರು, ಯಾರು ತೀರಿಸಿದರು ಎಂಬುದನ್ನು ನೋಡಬೇಡವೆ?

ಈ ಕಥೆಯ ಬಹುಪಾಲು ತನ್ನ ಬಾಳಿನದೇ ಎಂದು ಲೇಖಕನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಮ್ಯಾಕ್‌ಗಿಲ್ ಹುಟ್ಟಿದ್ದು ಡೊನೆಗಾಲ್ ಪ್ರಾಂತದ ಗ್ಲೆಂಟೀಸ್ ಬಳಿ, ಬಡ ರೈತನ ಮನೆಯಲ್ಲಿ. ತುಂಬಿದ ಮನೆಗೆ ಅವನೇ ಹಿರಿಯ ಮಗ. ಐರ್ಲೆಂಡಿನ ಪಶ್ಚಿಮದ ಕರಾವಳಿಯೆಂದರೆ ಕಲ್ಲು, ಜೌಗು, ಮಳೆ. 1845ರಲ್ಲಿ ಆಲೂಗಡ್ಡೆಗೆ ಬಿದ್ದ ರೋಗದಿಂದ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1841ರಲ್ಲಿ 82 ಲಕ್ಷದಷ್ಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕಿಳಿಯಿತು. ಕ್ಷಾಮ ಮುಗಿದರೂ ವಲಸೆ ಮುಗಿಯಲಿಲ್ಲ. ಇದ್ದ ಕೆಲವೇ ಎಕರೆ ಭೂಮಿ ಹತ್ತು ಮಕ್ಕಳ ಹೊಟ್ಟೆಗೂ ಸಾಲದು, ಜಮೀನ್ದಾರನ ಗೇಣಿಗೂ ಸಾಲದು. ಆದುದರಿಂದ ಬೆಳೆಯುತ್ತಿದ್ದ ಮಕ್ಕಳೇ ಆ ಮನೆಗಳ ನಗದು ಬೆಳೆಯಾದರು. ಮಾತು ಕಠೋರವೆನಿಸಬಹುದು, ಆದರೆ ಬೇರೆ ಮಾತು ನನಗೆ ತೋಚುತ್ತಿಲ್ಲ.

ಸ್ಟ್ರಾಬೇನ್, ಲೆಟರ್‌ಕೆನ್ನಿ ಮುಂತಾದ ಪೇಟೆಗಳಲ್ಲಿ ವರ್ಷಕ್ಕೆ ಎರಡಾವರ್ತಿ, ಮೇ ಮತ್ತು ನವೆಂಬರ್ ತಿಂಗಳಿನಲ್ಲಿ, ಆಳುಗಳ ಸಂತೆ ನೆರೆಯುತ್ತಿತ್ತು. ಪೂರ್ವದ ಫಲವತ್ತಾದ ಬಯಲಿನ ದೊಡ್ಡ ರೈತರು ಬಂದು ಬೀದಿಯಲ್ಲಿ ನಿಂತ ಹುಡುಗ ಹುಡುಗಿಯರನ್ನು ನೋಡಿ, ಮೈಕಟ್ಟನ್ನು ಅಳೆದು, ಆರು ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ಕರೆದೊಯ್ಯುತ್ತಿದ್ದರು. ಸಂಬಳ ದೊರೆಯುತ್ತಿದ್ದುದು ಅವಧಿ ಮುಗಿದ ಮೇಲೆ. ನಡುವೆ ಓಡಿಹೋದರೆ ದುಡಿದದ್ದೆಲ್ಲ ಹೋದಂತೆ. ಎಷ್ಟೋ ಮಕ್ಕಳಿಗೆ ಐರಿಷ್ ಭಾಷೆಯ ಹೊರತು ಬೇರೆ ಮಾತು ಬಾರದು; ಯಜಮಾನರದು ಇಂಗ್ಲಿಷ್. ಮ್ಯಾಕ್‌ಗಿಲ್ ಈ ಸಂತೆಯಲ್ಲಿ ನಿಂತಾಗ ಅವನಿಗೆ ಹನ್ನೆರಡು ವರ್ಷ. ಹದಿನಾಲ್ಕರ ಸುಮಾರಿಗೆ ಅವನು ಆಲೂಗಡ್ಡೆ ಕೀಳುವ ತಂಡದೊಡನೆ ಸ್ಕಾಟ್ಲೆಂಡಿಗೆ ಹಡಗು ಹತ್ತಿದ.

ಈ ತಂಡಗಳ ವ್ಯವಸ್ಥೆಯನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಅನ್ಯಾಯವು ಅಡಗಿರುವುದು ಅಲ್ಲಿಯೇ. ಗ್ಲಾಸ್ಗೊ ಮುಂತಾದೆಡೆಯ ವ್ಯಾಪಾರಿಗಳು ಆಲೂಗಡ್ಡೆ ಇನ್ನೂ ಮಣ್ಣಿನಲ್ಲಿರುವಾಗಲೇ ರೈತರಿಂದ ಬೆಳೆಯನ್ನು ಕೊಂಡುಬಿಡುತ್ತಿದ್ದರು. ಅದನ್ನು ಕೀಳಿಸುವ ಹೊಣೆ ವ್ಯಾಪಾರಿಯದು. ಅವನ ಪರವಾಗಿ ಮೇಸ್ತ್ರಿಯೊಬ್ಬ ಡೊನೆಗಾಲಿನಿಂದಲೋ ಮೇಯೋ ಪ್ರಾಂತದ ಆಕಿಲ್ ದ್ವೀಪದಿಂದಲೋ ಜನರನ್ನು ಕೂಡಿಸಿ ತರುತ್ತಿದ್ದ. ಜೂನ್ ತಿಂಗಳಲ್ಲಿ ಏರ್‌ಶೈರಿನ ಮುಂಗಾಲದ ಬೆಳೆಯಿಂದ ಆರಂಭಿಸಿ, ಹೊಲದಿಂದ ಹೊಲಕ್ಕೆ ಸಾಗುತ್ತ ಚಳಿಗಾಲದ ಬಾಗಿಲವರೆಗೂ ಕೆಲಸ. ಗಂಡಸರು ಹಲ್ಲುಳ್ಳ ಸಲಿಕೆಗಳಿಂದ ಅಗೆಯುವುದು. ಹೆಂಗಸರೂ ಮಕ್ಕಳೂ ಹಸಿಮಣ್ಣಿನಲ್ಲಿ ಮೊಣಕಾಲೂರಿ ಹಿಂದಿನಿಂದ ಆಯ್ದು ಬುಟ್ಟಿ ತುಂಬುವುದು. ರಾತ್ರಿ ಮಲಗುವುದು ದನಗಳನ್ನು ಹೊರಗಟ್ಟಿ ತೆರವು ಮಾಡಿದ ಕೊಟ್ಟಿಗೆಯಲ್ಲಿ, ಹುಲ್ಲಿನ ಮೇಲೆ. ಊಟಕ್ಕೂ ಮುಖ್ಯವಾಗಿ ಅದೇ ಆಲೂಗಡ್ಡೆ. ಕೊಟ್ಟಿಗೆ ರೈತನದು, ಆದರೆ ಆಳು ಅವನದಲ್ಲ. ಆಳು ವ್ಯಾಪಾರಿಯದು, ಆದರೆ ಕೊಟ್ಟಿಗೆ ಅವನದಲ್ಲ. ಹೀಗಾಗಿ ಮಳೆಗೆ ಸೋರುವ ಮಾಡನ್ನು ಸರಿಪಡಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ಇಂತಹ ಕೊಟ್ಟಿಗೆಯಲ್ಲಿ ಮಲಗುವ ಹುಡುಗನಿಗೆ ಮನೆಯಿಂದ ಕಾಗದ ಬರುತ್ತದೆ. ಅದರಲ್ಲಿ ಕುಶಲ ಪ್ರಶ್ನೆಯಿದೆ, ದೇವರ ಸ್ಮರಣೆಯಿದೆ. ಕಡೆಗೆ ಹಣದ ಮಾತಿದೆ. ತಾನು ಹುಟ್ಟಿದ್ದೇ ಮನೆಯವರನ್ನು ಸಾಕುವುದಕ್ಕೋ ಎಂದು ಡರ್ಮಡ್ ಕೆರಳುವುದನ್ನು ಓದಿದಾಗ ನನ್ನ ಗೆಳೆಯರಿಗೆ ಕೋಪ ಬಂದಿತಂತೆ. ನನಗೆ ಬಂದ ಪ್ರಶ್ನೆ ಬೇರೆ: ಆ ಹಣ ಹೋಗುತ್ತಿದ್ದುದು ಎಲ್ಲಿಗೆ? ಕಾದಂಬರಿಯಲ್ಲಿ ಅದರ ಉತ್ತರವಿದೆ. ಜಮೀನ್ದಾರನ ಗೇಣಿಗೆ, ಪಾದ್ರಿಯ ವಂತಿಗೆಗೆ. ಅದರಲ್ಲಿ ಉಳಿದದ್ದು ಚಿಕ್ಕ ಮಕ್ಕಳ ತಟ್ಟೆಗೆ. ತಾಯಿಯ ಬಾಯಿಂದ ಬಂದ ಬೇಡಿಕೆಯ ಹಿಂದೆ ಮತ್ತೊಬ್ಬರ ಕೈ ಇತ್ತು. ಕುಟುಂಬದ ಪ್ರೀತಿ ಸುಳ್ಳಲ್ಲ. ಆ ಪ್ರೀತಿಯನ್ನೇ ವಸೂಲಿಯ ಹಗ್ಗವನ್ನಾಗಿ ಮಾಡಿಕೊಂಡವರು ಬೇರೆ ಇದ್ದರು. ಮಗನ ಕೋಪ ತಾಯಿಯ ಕಡೆಗೆ ತಿರುಗಿದ್ದು ದುಃಖದ ಸಂಗತಿ. ಹದಿಹರೆಯದ ಹುಡುಗನಿಗೆ ಕಾಣುತ್ತಿದ್ದುದು ಕಾಗದದ ಕೆಳಗಿನ ಹೆಸರು ಮಾತ್ರ.

ಈ ವಿಷಯದಲ್ಲಿ ನಾನು ತಟಸ್ಥನೆಂದು ಹೇಳಿಕೊಳ್ಳಲಾರೆ. ನನ್ನ ಅಣ್ಣ ಹತ್ತನೆಯ ತರಗತಿಗೇ ಓದು ಬಿಟ್ಟು ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಕೆಲಸಕ್ಕೆ ಹೋದ. ನಾನು ಈ ಕಾಲೇಜಿನಲ್ಲಿ ಕುಳಿತು ಕಾದಂಬರಿ ಓದುವುದು ಅವನ ಹಣದಿಂದ. ಈಗ ಮನಿಯಾರ್ಡರಿಗೆ ಕಾಯಬೇಕಾಗಿಲ್ಲ, ಫೋನು ಗುಣುಗಿದರೆ ಹಣ ಬಿತ್ತೆಂದು ಅರ್ಥ. ಊರಿನ ಹಿರಿಯರು ‘ಮಗನೆಂದರೆ ಹೀಗಿರಬೇಕು’ ಎಂದು ಅವನನ್ನು ಹೊಗಳುತ್ತಾರೆ. ಹೋಗುವ ಮುಂಚೆ ‘ಹೋಗುತ್ತೀಯೇನಪ್ಪಾ?’ ಎಂದು ಅವನನ್ನು ಕೇಳಿದವರು ಅವರಲ್ಲಿ ಒಬ್ಬರೂ ಇಲ್ಲ. ಒಂದು ತಿಂಗಳು ಹಣ ಬರುವುದು ತಡವಾದರೆ ಅದೇ ಬಾಯಿಗಳು ಏನನ್ನುತ್ತವೆಂಬುದನ್ನೂ ಕೇಳಿದ್ದೇನೆ.

ಇನ್ನು, ಕುಟುಂಬದ ನಂಟು ಬರಿಯ ಸಂಕೋಲೆಯಾಗಿತ್ತೆಂದೂ ಯಾರೂ ತಿಳಿಯಬಾರದು. ತಂಡಗಳಲ್ಲಿ ಹೋಗುತ್ತಿದ್ದವರು ಅಕ್ಕತಂಗಿಯರು, ಅಣ್ಣತಮ್ಮಂದಿರು, ನೆರೆಯವರು. ಪರದೇಶದಲ್ಲಿ ಐರಿಷ್ ಮಾತನಾಡುವವರು, ಜ್ವರ ಬಂದರೆ ನೀರು ಕೊಡುವವರು ಅವರೇ. ಡೊನೆಗಾಲಿನವನೇ ಆದ ಮಿಕಿ ಮಾಕ್ ಗವನ್ ಎಂಬಾತ ಚಿಕ್ಕಂದಿನಲ್ಲಿಯೇ ಇಂತಹ ಸಂತೆಯಲ್ಲಿ ಆಳಾಗಿ ನಿಂತು, ಸ್ಕಾಟ್ಲೆಂಡಿನಲ್ಲಿ ದುಡಿದು, ಅಮೆರಿಕದ ಗಣಿಗಳನ್ನೂ ಕ್ಲಾಂಡೈಕಿನ ಚಿನ್ನದ ನಾಡನ್ನೂ ಕಂಡು, ಕೊನೆಗೆ ಹುಟ್ಟಿದೂರಿಗೇ ಮರಳಿ ಮನೆಮಾಡಿದ. ಅವನು ಬಾಯಲ್ಲಿ ಹೇಳಿದ ಆತ್ಮಕಥೆ 1959ರಲ್ಲಿ ಐರಿಷ್ ಭಾಷೆಯಲ್ಲಿ ಅಚ್ಚಾಯಿತು. ಹಿಂದಿರುಗುವ ಆಸೆಯೇ ಆತನನ್ನು ಬದುಕಿಸಿತೆಂದು ನನಗೆ ತೋರುತ್ತದೆ. ಆದರೆ ಹಾಗೆ ಹಿಂದಿರುಗಿದವರ ಕಥೆಯನ್ನಷ್ಟೇ ಹೇಳಿ ಸುಮ್ಮನಾಗುವುದು ನಮ್ಮ ಕೆಟ್ಟ ಅಭ್ಯಾಸ.

ಆಕಿಲ್ ದ್ವೀಪದವರು ಬೇರೆ ರೀತಿಯಲ್ಲಿಯೂ ಹಿಂದಿರುಗಿದ್ದುಂಟು. 1894ರ ಜೂನ್ 14ರಂದು ಸ್ಕಾಟ್ಲೆಂಡಿನ ಉಗಿಹಡಗು ಹಿಡಿಯಲು ವೆಸ್ಟ್‌ಪೋರ್ಟಿಗೆ ಹೊರಟಿದ್ದ ಹಾಯಿದೋಣಿಯೊಂದು ಕ್ಲೂ ಕೊಲ್ಲಿಯಲ್ಲಿ ಮಗುಚಿ 32 ಜನ ಮುಳುಗಿದರು; ಅವರಲ್ಲಿ ಬಹುಮಂದಿ ಎಳೆಯರು. ಆಕಿಲ್ ಕಡೆಗೆ ಆಗತಾನೆ ಹಾಕುತ್ತಿದ್ದ ರೈಲುಮಾರ್ಗದ ಮೇಲೆ ಮೊದಲು ಓಡಿದ ಗಾಡಿ ಈ ಶವಗಳನ್ನು ಹೊತ್ತು ತಂದಿತು. 1937ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಗ್ಲಾಸ್ಗೊ ಬಳಿಯ ಕರ್ಕಿಂಟಿಲಾಕ್ ಎಂಬಲ್ಲಿ, ಆಲೂಗಡ್ಡೆಯ ಆಳುಗಳು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಆಕಿಲ್‌ನ ಹತ್ತು ಮಂದಿ ಹುಡುಗರೂ ತರುಣರೂ ಸತ್ತರು. ಅತ್ಯಂತ ಕಿರಿಯನಿಗೆ ಹದಿಮೂರು ವರ್ಷ. ಒಂದೇ ಮನೆಯ ಸೋದರರೂ ಅವರಲ್ಲಿದ್ದರು. ಅವರೂ ಅದೇ ರೈಲಿನಲ್ಲಿ ಊರಿಗೆ ಬಂದರು. ಆ ತಿಂಗಳ ಕೊನೆಗೆ ಮಾರ್ಗವನ್ನೇ ಮುಚ್ಚಲಾಯಿತು. ಇಷ್ಟಾದ ಮೇಲೆ ಐರ್ಲೆಂಡಿನ ಸರ್ಕಾರವು ಈ ವಲಸೆಯ ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಿತು. ಆ ಹುಡುಗರು ಕೊಟ್ಟಿಗೆಗಳಲ್ಲಿ ಮಲಗಲಾರಂಭಿಸಿ ಆಗಲೇ ಎರಡು ಮೂರು ತಲೆಮಾರು ಸಂದಿದ್ದವು.

ಡರ್ಮಡ್‌ನನ್ನು ಇನ್ನೂ ಕ್ಷಮಿಸಲಾರದ ಮಿತ್ರರು, ಮ್ಯಾಕ್‌ಗಿಲ್ 1915ರಲ್ಲಿ ಬರೆದ ‘ದ ರ‍್ಯಾಟ್ ಪಿಟ್’ ಎಂಬ ಕಾದಂಬರಿಯನ್ನೂ ಓದಲಿ. ಅದೇ ಊರಿನ, ಅದೇ ತಂಡದ ನೋರಾ ರಯನ್ ಎಂಬ ಹುಡುಗಿಯ ಕಥೆ ಅದು. ಆಕೆ ಇಸ್ಪೀಟಾಡಲಿಲ್ಲ, ಮನೆಯನ್ನು ಮರೆಯಲಿಲ್ಲ, ತಾಯಿಗೆ ಹಣ ಕಳಿಸಿದಳು. ಒಬ್ಬ ರೈತನ ಮಗನನ್ನು ನಂಬಿ ಕೆಟ್ಟು, ಮಗುವನ್ನು ಹೊತ್ತು, ಗ್ಲಾಸ್ಗೊ ನಗರದ ಕೊಳೆಗೇರಿಯಲ್ಲಿ ಪ್ರಾಣ ಬಿಟ್ಟಳು. ಇಬ್ಬರಲ್ಲಿ ಒಬ್ಬನು ಕೃತಘ್ನ, ಒಬ್ಬಳು ಕೃತಜ್ಞೆ. ಅವರಿಬ್ಬರನ್ನೂ ಕಳಿಸಿಕೊಟ್ಟ ಊರು ಮರುವರ್ಷ ಜೂನ್ ತಿಂಗಳಲ್ಲಿ ಮತ್ತೊಂದು ತಂಡವನ್ನು ಕಳಿಸಿತು.