ಬ್ರೇಕಿನ ಸದ್ದು: ಯಾವಾಗ, ಎಲ್ಲಿ, ಹೇಗೆ?

ತಾಳವಾಡಿ ಸೀಮೆಯ ಅನೇಕ ಮನೆಗಳಲ್ಲಿ ಹಳೆಯ ಪಿಕಪ್ ವಾಹನವು ಎತ್ತಿನ ಗಾಡಿಯ ಸ್ಥಾನವನ್ನು ಪಡೆದುಕೊಂಡಿದೆ. ಎಲೆಕೋಸು, ಟೊಮೇಟೊ ಹೊತ್ತು ಸತ್ಯಮಂಗಲಕ್ಕೆ ಇಳಿಯುವುದೂ ಅದೇ, ಮಳೆಯ ದಿನ ಮಕ್ಕಳನ್ನು ಶಾಲೆಯ ಬಾಗಿಲಿಗೆ ಬಿಡುವುದೂ ಅದೇ. ಹಾಸನೂರು ದಾಟಿ ದಿಂಬಂ ತಲುಪಿದ ಮೇಲೆ ಬಣ್ಣಾರಿಯ ಕಡೆಗೆ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಅಂಥ ದಾರಿಯಲ್ಲಿ ಓಡಾಡುವವರು ಮುಂದಿನ ಚಕ್ರದಿಂದ ಬರುವ ಹೊಸ ಸದ್ದನ್ನಾಗಲಿ, ಕಾಲಿಗೆ ತಾಗುವ ಹೊಸ ನಡುಕವನ್ನಾಗಲಿ ‘ಗಾಡಿಗೆ ವಯಸ್ಸಾಯಿತು’ ಎಂದು ತಳ್ಳಿಹಾಕುವಂತಿಲ್ಲ. ಆ ಸದ್ದನ್ನು ಸರಿಯಾಗಿ ಕೇಳಿ, ಸರಿಯಾಗಿ ಹೇಳುವುದೇ ಅರ್ಧ ದುರಸ್ತಿ.

ಬ್ರೇಕು ಮಾಡುವ ಕೆಲಸ ಎಷ್ಟೆಂಬುದನ್ನು ಮೊದಲು ಲೆಕ್ಕ ಹಾಕೋಣ. ಹೊರೆಸಹಿತ 2,500 ಕಿಲೋಗ್ರಾಂ ತೂಗುವ ವಾಹನ ಎತ್ತರದಲ್ಲಿ 100 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 24.5 ಲಕ್ಷ ಜೂಲ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 7 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಕ್ತಿ ಸಾಕು. ವೇಗ ಹೆಚ್ಚದಂತೆ ಇಳಿಯಬೇಕಾದರೆ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ತಗ್ಗಿನ ಗೇರಿನಲ್ಲಿದ್ದರೆ ಎಂಜಿನ್ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಬಹುಪಾಲು ಬ್ರೇಕಿನಲ್ಲಿಯೇ ಉಷ್ಣವಾಗುತ್ತದೆ. ಬ್ರೇಕ್ ಒತ್ತಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ಈ ಶಿಕ್ಷೆಯ ದೊಡ್ಡ ಪಾಲು ಮುಂದಿನ ಚಕ್ರಗಳಿಗೆ.

ಪಿಕಪ್‌ಗಳ ಮುಂದಿನ ಚಕ್ರಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಬ್ರೇಕು ಇರುತ್ತದೆ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಎರಡು ಬದಿಗೂ ಒಂದೊಂದು ಪ್ಯಾಡ್. ಪೆಡಲ್ ಒತ್ತಿದಾಗ ಬ್ರೇಕ್ ದ್ರವದ ಒತ್ತಡದಿಂದ ಕ್ಯಾಲಿಪರ್‌ನೊಳಗಿನ ಪಿಸ್ಟನ್ ಮುಂದೆ ಸರಿದು ಒಳಗಿನ ಪ್ಯಾಡನ್ನು ತಳ್ಳುತ್ತದೆ. ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಕಾಲು ತೆಗೆದಾಗ ಎರಡೂ ಪ್ಯಾಡುಗಳು ಕೂದಲೆಳೆಯಷ್ಟು ಸಡಿಲಗೊಳ್ಳಬೇಕು. ಹಳೆಯ ವಾಹನದಲ್ಲಿ ಧೂಳು, ತುಕ್ಕು, ಸವೆತಗಳು ಈ ಸರಳ ಚಲನೆಗೇ ಅಡ್ಡಿಯಾಗುತ್ತವೆ.

ಪರೀಕ್ಷೆಯ ಮೊದಲ ಪ್ರಶ್ನೆ: ಸದ್ದು ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆಯೇ, ಒತ್ತದಿದ್ದಾಗಲೂ ಬರುತ್ತದೆಯೇ? ಒತ್ತದೆಯೂ ಬರುವ ಗುಂಯ್ಗುಡುವ ಸದ್ದು ಎಡಕ್ಕೋ ಬಲಕ್ಕೋ ತಿರುಗಿದಾಗ ಏರಿಳಿದರೆ ಚಕ್ರದ ಬೇರಿಂಗನ್ನು ಸಂಶಯಿಸಬೇಕು. ತೆಳುವಾದ ತಗಡು ಉಜ್ಜಿದಂಥ ಸದ್ದಾದರೆ ಡಿಸ್ಕಿನ ಹಿಂದಿರುವ ಧೂಳುತಡೆ ಬಗ್ಗಿರಬಹುದು, ಅಥವಾ ಅಲ್ಲಿ ಸಣ್ಣ ಕಲ್ಲು ಸಿಕ್ಕಿರಬಹುದು. ಇದರ ದುರಸ್ತಿಗೆ ಹೆಚ್ಚಿನ ಖರ್ಚಿಲ್ಲ. ಆದರೆ ಕಾರಣ ತಿಳಿಯದೆ ಪ್ಯಾಡುಗಳನ್ನೇ ಬದಲಾಯಿಸಿದರೆ ಹಣವೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ಬರುವ ಸದ್ದುಗಳಲ್ಲಿಯೂ ಭೇದಗಳಿವೆ. ಇಬ್ಬನಿಯ ಬೆಳಿಗ್ಗೆ ಮೊದಲ ಎರಡು ಮೂರು ಬಾರಿ ಒತ್ತಿದಾಗ ಕರಕರ ಎಂದು, ಅನಂತರ ನಿಂತುಹೋಗುವುದು ಡಿಸ್ಕಿನ ಮೇಲಿನ ತೆಳು ತುಕ್ಕಿನ ಸದ್ದು. ಅದಕ್ಕೆ ಅಂಜಬೇಕಾಗಿಲ್ಲ. ಕಿವಿ ಚುಚ್ಚುವಂಥ ಕೀಚಲು ದಿನವಿಡೀ ಉಳಿದರೆ ಪ್ಯಾಡು ಸವೆದಿರಬಹುದು. ಕೆಲವು ಪ್ಯಾಡುಗಳಲ್ಲಿ ಎರಡು ಮೂರು ಮಿಲಿಮೀಟರ್ ಉಳಿದಾಗ ಡಿಸ್ಕಿಗೆ ತಾಗಿ ಎಚ್ಚರಿಸಲೆಂದೇ ಒಂದು ತಗಡಿನ ನಾಲಗೆಯನ್ನು ಇಟ್ಟಿರುತ್ತಾರೆ. ಎಲ್ಲ ಪ್ಯಾಡುಗಳಲ್ಲಿಯೂ ಅದಿಲ್ಲ. ಆದ್ದರಿಂದ ಸದ್ದಿಲ್ಲವೆಂದ ಮಾತ್ರಕ್ಕೆ ಪ್ಯಾಡು ದಪ್ಪವಾಗಿದೆ ಎನ್ನಲಾಗದು. ಹೊರಟಾಗ, ನಿಂತಾಗ, ಹಿಂದಕ್ಕೆ ಸರಿದು ಮತ್ತೆ ಮುಂದೆ ಬಂದಾಗ ಒಮ್ಮೆ ‘ಟಕ್’ ಎಂದರೆ ಪ್ಯಾಡನ್ನು ಹಿಡಿದಿಡುವ ಕ್ಲಿಪ್ ಕಳಚಿರಬಹುದು, ಕ್ಯಾಲಿಪರ್‌ನ ಬೋಲ್ಟು ಸಡಿಲಾಗಿರಬಹುದು, ಅಥವಾ ಸಸ್ಪೆನ್ಶನ್ನಿನ ಬುಷ್ ಸವೆದಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಅರೆಯುವ ಒರಟು ಸದ್ದಾದರೆ ಮಾತ್ರ ಬೇರೆ ವಿಚಾರವಿಲ್ಲ: ಪ್ಯಾಡಿನ ತಿರುಳು ಮುಗಿದು ಅದರ ಬೆನ್ನಿನ ಲೋಹವೇ ಡಿಸ್ಕನ್ನು ಕೊರೆಯುತ್ತಿರಬಹುದು. ಆ ವಾಹನ ಘಾಟಿಗೆ ಇಳಿಯಬಾರದು. ಮೆಕ್ಯಾನಿಕ್ಕೇ ವಾಹನವಿರುವಲ್ಲಿಗೆ ಬರಲಿ.

ಇನ್ನು ನಡುಕದ ವಿಚಾರ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಪಿಕಪ್‌ನ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತದೆ. ವೇಗ ಇಳಿದಂತೆ ನಡುಕದ ಲಯವೂ ನಿಧಾನಗೊಂಡರೆ ದೋಷವು ಚಕ್ರದೊಡನೆ ತಿರುಗುವ ಭಾಗದಲ್ಲಿದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರಿದರೆ ಮುಂದಿನ ಡಿಸ್ಕುಗಳನ್ನೂ, ಆಸನ ಅದುರಿದರೆ ಹಿಂದಿನ ಡ್ರಮ್ಮುಗಳನ್ನೂ ಮೊದಲು ನೋಡುವುದು ವಾಡಿಕೆ. ಒತ್ತದೆಯೂ ಅದುರಿದರೆ ಟೈರು ಮತ್ತು ಚಕ್ರದ ಸಮತೋಲನವನ್ನು ಪರೀಕ್ಷಿಸಬೇಕು. ಎಬಿಎಸ್ ಇರುವ ವಾಹನದಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಪಟಪಟ ಹೊಡೆಯುವುದು ದೋಷವಲ್ಲ. ಆ ವ್ಯವಸ್ಥೆಯ ಕೆಲಸವೇ ಹಾಗೆ.

‘ಡಿಸ್ಕ್ ಬೆಂಡಾಗಿದೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅನೇಕ ವೇಳೆ ಅದು ಬಾಗಿರುವುದಿಲ್ಲ, ಅದರ ದಪ್ಪ ಎಲ್ಲೆಡೆ ಒಂದೇ ಆಗಿರುವುದಿಲ್ಲ ಅಷ್ಟೆ. ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ವ್ಯತ್ಯಾಸವನ್ನೂ ಕಾಲು ಗುರುತಿಸಬಲ್ಲದು. ಇದಕ್ಕೆ ಕಾರಣಗಳು ಹಲವು. ಕಾದ ಬ್ರೇಕನ್ನು ಒತ್ತಿಹಿಡಿದೇ ನಿಂತರೆ ಪ್ಯಾಡಿನ ವಸ್ತು ಡಿಸ್ಕಿಗೆ ಒಂದೇ ಕಡೆ ಮೆತ್ತಿಕೊಳ್ಳುತ್ತದೆ. ಹಬ್ಬಿನ ಮುಖದ ಮೇಲೆ ತುಕ್ಕು ಉಳಿದರೆ ಡಿಸ್ಕು ಓರೆಯಾಗಿ ಕೂರುತ್ತದೆ. ಚಕ್ರದ ನಟ್ಟುಗಳನ್ನು ಒಂದು ಹೆಚ್ಚು ಒಂದು ಕಡಿಮೆ ಬಿಗಿದರೂ ಅದೇ ಗತಿ. ಹಬ್ಬಿನ ತುಕ್ಕನ್ನು ಉಜ್ಜದೆ ಹೊಸ ಡಿಸ್ಕ್ ಹಾಕಿದರೆ ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ನಡುಕ ಮರಳಿ ಬರಬಹುದು.

ಒಂದೇ ಚಕ್ರ ಕಾಯುವುದು ಮೂರನೆಯ ಲಕ್ಷಣ. ಹೆಚ್ಚು ಬ್ರೇಕ್ ಬಳಸದೆ ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ, ಮುಟ್ಟದೆ, ಅಂಗೈಯನ್ನು ಎರಡು ಚಕ್ರಗಳ ಬಳಿ ಹಿಡಿದು ಹೋಲಿಸಬೇಕು. ಒಂದು ಕಡೆ ಮಾತ್ರ ಬಿಸಿ, ಸುಟ್ಟ ವಾಸನೆ, ವಾಹನ ಅದೇ ಬದಿಗೆ ಎಳೆಯುವುದು ಇವು ಕಂಡುಬಂದರೆ ಪಿಸ್ಟನ್ ಅಥವಾ ಜಾರುಪಿನ್ ಹಿಡಿದುಕೊಂಡಿದೆ ಎಂದು ಊಹಿಸಬಹುದು. ಹಳೆಯ ರಬ್ಬರ್ ಕೊಳವೆ ಒಳಗೆ ಊದಿಕೊಂಡು ದ್ರವ ಹಿಂದಿರುಗದಿದ್ದರೂ ಹೀಗೆಯೇ ಆಗುತ್ತದೆ.

ದ್ರವವನ್ನು ಮರೆಯುವುದು ಘಾಟಿಯವರಿಗೆ ಅಪಾಯಕರ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ. ಅದು ಗಾಳಿಯ ತೇವವನ್ನು ಹೀರಿಕೊಂಡಂತೆ ಕುದಿಬಿಂದು ಇಳಿಯುತ್ತ ಹೋಗುತ್ತದೆ. ತೇವಗೊಂಡ ದ್ರವಕ್ಕೆ ಆ ದರ್ಜೆಯ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ಇದಕ್ಕೆ ಮುಂಚೆ ಯಾವ ಸದ್ದೂ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸುವುದು, ಇಳಿಯುವ ಮುನ್ನವೇ ತಗ್ಗಿನ ಗೇರಿಗೆ ಬರುವುದು ಇದಕ್ಕಿರುವ ರಕ್ಷಣೆ.

ಕಾರ್ಖಾನೆಯಲ್ಲಿ ಕೇಳಬೇಕಾದ ಮಾತು ‘ಎಲ್ಲ ಹೊಸದು ಹಾಕಿ’ ಎಂಬುದಲ್ಲ, ‘ಅಳೆದು ಹೇಳಿ’ ಎಂಬುದು. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಿಂದ ಹಲವು ಕಡೆ ಅಳೆಯಬಹುದು. ಎಷ್ಟರವರೆಗೆ ಸವೆಯಬಹುದೆಂಬ ಕನಿಷ್ಠ ಮಿತಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಓಲಾಟವನ್ನು ಡಯಲ್ ಗೇಜ್ ತೋರಿಸುತ್ತದೆ. ಪ್ಯಾಡುಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಾಯಿಸಬೇಕು. ಕೀಚಲು ನಿಲ್ಲಿಸಲೆಂದು ಪ್ಯಾಡಿನ ಮುಖಕ್ಕೆ ಎಣ್ಣೆ ಸವರುವುದು ಬ್ರೇಕನ್ನೇ ಕೊಂದಂತೆ.

ಈ ಕೆಲಸದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಪಾಲಿದೆ. ಚಾಲಕನ ಗಮನ ದಾರಿಯ ಮೇಲಿರುತ್ತದೆ. ಪಕ್ಕದಲ್ಲಿ ಕುಳಿತ ಹುಡುಗನೋ ಹುಡುಗಿಯೋ ಒಂದು ವಾರ ನೋಟ್‌ಪುಸ್ತಕದಲ್ಲಿ ಐದು ಅಂಕಣಗಳನ್ನು ತುಂಬಲಿ: ಬ್ರೇಕ್ ಒತ್ತಿತ್ತೇ, ವೇಗವೆಷ್ಟು, ಎಡವೋ ಬಲವೋ, ತಣ್ಣಗಿತ್ತೇ ಕಾದಿತ್ತೇ, ಸದ್ದು ಹೇಗಿತ್ತು. ಸತ್ಯಮಂಗಲದಲ್ಲಿ ದುರಸ್ತಿಯ ಮಾತು ತಮಿಳಿನಲ್ಲಿ ನಡೆಯುತ್ತದೆ. ಮನೆಯಲ್ಲಿ ತಂದೆ ಅದನ್ನು ಕನ್ನಡದಲ್ಲಿ ವಿವರಿಸುತ್ತಾರೆ. ಎರಡನ್ನೂ ಬಲ್ಲ ಮಗು ಆ ಪುಟವನ್ನು ಓದಿಹೇಳಿದರೆ ‘ಏನೋ ಸದ್ದು ಬರುತ್ತದೆ’ ಎಂಬ ಮಾತಿನ ಬದಲು ‘ಇಳಿಜಾರಿನಲ್ಲಿ ಕಾದ ಮೇಲೆ, 40ರ ವೇಗದಲ್ಲಿ, ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗುತ್ತದೆ’ ಎಂಬ ಮಾತು ಮೆಕ್ಯಾನಿಕ್‌ನ ಕಿವಿಗೆ ಬೀಳುತ್ತದೆ. ಅಷ್ಟು ಕೇಳಿದವನು ಎಲ್ಲಿಂದ ಹುಡುಕಬೇಕೆಂದು ಬಲ್ಲ.

ಮಕ್ಕಳ ಪಾಲು ಬರವಣಿಗೆಯವರೆಗೆ ಮಾತ್ರ. ಜಾಕಿನ ಮೇಲೆ ನಿಂತ ವಾಹನದ ಹತ್ತಿರಕ್ಕೆ ಅವರು ಬರಬಾರದು. ಬ್ರೇಕಿನ ಧೂಳನ್ನು ಯಾರೂ ಬಾಯಿಂದ ಊದಬಾರದು, ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಹಾನಿಮಾಡುವ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿಯಾದ ಕ್ರಮ.