ಅಭಿಮಾನದ ಒರೆಗಲ್ಲು



ಕಳೆದ ಬೇಸಿಗೆಯಲ್ಲಿ ನಾವು ಅಮೆರಿಕದ ಈಶಾನ್ಯ ಭಾಗದಲ್ಲಿರುವ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದಲ್ಲಿ ಕೆಲವು ದಿನ ತಂಗಿದ್ದೆವು. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ದಾವಣಗೆರೆಯ ಮಿತ್ರರೊಬ್ಬರು ಈಗ ಅಲ್ಲಿಯ ಪಾಟಕೆಟ್ ಎಂಬ ಊರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಹತ್ತು ವರ್ಷಗಳಿಗೂ ಹಿಂದೆ ಪತ್ನಿವಿಯೋಗವಾದ ಮೇಲೆ ಮಗನೇ ಬಂದು ಅವರನ್ನು ಕರೆದೊಯ್ದಿದ್ದರು. ದಿನವನ್ನು ಹೇಗೆ ಕಳೆಯುತ್ತೀರಿ ಎಂದು ನಾವು ಕೇಳಿದಾಗ, ಓದು, ತಿರುಗಾಟ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆವು. ಅವರು ಮಾತನಾಡದೆ ಒಳಗೆ ಹೋಗಿ, ದಾರ ಕಟ್ಟಿದ ಕಾಗದದ ಕಟ್ಟುಗಳನ್ನು ತಂದು ನಮ್ಮ ಮುಂದಿಟ್ಟರು. ಅವೆಲ್ಲವೂ ಬೇಸ್‌ಬಾಲ್ ಆಟದ ಲೆಕ್ಕದ ಹಾಳೆಗಳು!

ಪೆನ್ಸಿಲಿನಿಂದ ತುಂಬಿದ ಆ ಚೌಕಗಳನ್ನು ನೋಡಿ ನಮಗೆ ಮೊದಲು ನಗು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಇಷ್ಟು ಓದಿದವರು, ಈ ವಯಸ್ಸಿನಲ್ಲಿ, ಪರದೇಶದ ಒಂದು ಚೆಂಡಾಟದ ಬೆನ್ನು ಹತ್ತುವುದೇ ಎಂದುಕೊಂಡೆವು. ಆದರೆ ಹಾಳೆಗಳನ್ನು ಹತ್ತಿರದಿಂದ ಕಂಡಾಗ ನಗು ನಿಂತಿತು. ಆಟಗಾರರ ಹೆಸರುಗಳೆಲ್ಲ ಕನ್ನಡ ಅಕ್ಷರಗಳಲ್ಲಿದ್ದವು. ಬರೆದದ್ದು ಮಗುವಿನ ಕೈ. ಮಿತ್ರರು ಹೋದಾಗ ಮೊಮ್ಮಗನಿಗೆ ಆರು ವರ್ಷ. ಮಗುವಿಗೆ ಕನ್ನಡ ಬಾರದು, ಅಜ್ಜನಿಗೆ ಆ ಮಗುವಿನ ಇಂಗ್ಲಿಷ್ ಹಿಡಿಯದು. ಆಟಕ್ಕೆ ಕರೆದೊಯ್ಯಬೇಕಾದರೆ ಹೆಸರುಗಳನ್ನು ಕನ್ನಡದಲ್ಲಿ ಬರೆಯಬೇಕೆಂದು ಅಜ್ಜ ಕರಾರು ಹಾಕಿದರಂತೆ. ಹೀಗೆ ಆ ಬಾಲಕ ಒತ್ತಕ್ಷರಗಳನ್ನು ಕಲಿತದ್ದು ಚೆಂಡಾಟದ ಮೈದಾನದಲ್ಲಿ.

ಈ ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಕ್ರಿಕೆಟ್ ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಪ್ರತಿ ತಂಡದಲ್ಲಿ ಒಂಬತ್ತು ಮಂದಿ; ಒಂಬತ್ತು ಇನಿಂಗ್ಸ್; ಪ್ರತಿ ಇನಿಂಗ್ಸ್‌ನಲ್ಲಿ ಮೂವರು ಔಟಾದರೆ ಸರದಿ ಮುಗಿಯಿತು. ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಬ್ಯಾಟು ಬೀಸಿದವನು ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಹತ್ತು ಸಲ ಬ್ಯಾಟು ಹಿಡಿದು ಮೂರು ಸಲ ಸರಿಯಾಗಿ ಹೊಡೆದವನನ್ನು ಉತ್ತಮ ಆಟಗಾರನೆಂದೇ ಗಣಿಸುತ್ತಾರೆ. ಅಂದರೆ ಏಳು ಸಲದ ಸೋಲನ್ನು ಸಹಿಸಿಕೊಳ್ಳುವುದು ಇಲ್ಲಿಯ ಮೊದಲ ಪಾಠ. ಲೆಕ್ಕ ಬರೆಯುವವರು ಕ್ಷೇತ್ರರಕ್ಷಕರಿಗೆಲ್ಲ ಒಂದೊಂದು ಅಂಕೆ ಕೊಟ್ಟಿರುತ್ತಾರೆ: ಪಿಚರ್ 1, ಅವನ ಚೆಂಡು ಹಿಡಿಯುವವನು 2, ಹೀಗೆ 9ರವರೆಗೆ. ಹಾಳೆಯಲ್ಲಿ 6-3 ಎಂದಿದ್ದರೆ ಆರನೆಯವನು ಚೆಂಡು ಹಿಡಿದು ಮೂರನೆಯವನಿಗೆ ಎಸೆದು ಔಟು ಮಾಡಿದನೆಂದು ತಿಳಿಯಬೇಕು. ಎಷ್ಟೋ ವರ್ಷಗಳ ಮೇಲೂ ಆ ಹಾಳೆಯನ್ನು ಓದಿ ಇಡೀ ಆಟವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು.

ಅಮೆರಿಕದಲ್ಲಿ ಈ ಆಟಕ್ಕೆ ಎರಡು ಲೋಕಗಳುಂಟು. ಮೇಲಿನದು ಮೇಜರ್ ಲೀಗ್. ಅದರಲ್ಲಿ 30 ತಂಡಗಳು. ಪ್ರತಿ ತಂಡಕ್ಕೆ ಋತುವೊಂದರಲ್ಲಿ 162 ಆಟ. ಹಣ, ಕೀರ್ತಿ, ದೂರದರ್ಶನ ಎಲ್ಲವೂ ಅಲ್ಲಿ. ಕೆಳಗಿನದು ಮೈನರ್ ಲೀಗ್. ಅದು ಮೆಟ್ಟಿಲು ಮೆಟ್ಟಿಲಾಗಿ ಏರುವ ಗರಡಿ. ಅದರ ತುದಿಯ ಮೆಟ್ಟಿಲಿಗೆ ಟ್ರಿಪಲ್ ಎ ಎಂದು ಹೆಸರು. ಹದಿನೆಂಟು ಇಪ್ಪತ್ತರ ಹುಡುಗರು ಸಣ್ಣ ಊರುಗಳಲ್ಲಿ ಆಡುತ್ತ, ಬಸ್ಸುಗಳಲ್ಲಿ ರಾತ್ರಿ ಕಳೆಯುತ್ತ, ಮೇಲಿನಿಂದ ಕರೆ ಬರುವುದನ್ನು ಕಾಯುತ್ತಾರೆ. ಬಹುಪಾಲು ಮಂದಿಗೆ ಆ ಕರೆ ಬರುವುದೇ ಇಲ್ಲ. ಅವರ ಸಂಬಳವೂ ಬಹುಕಾಲ ಶೋಚನೀಯವಾಗಿತ್ತು. 2022ರಲ್ಲಿ ಅವರು ಮೇಜರ್ ಲೀಗ್ ಆಟಗಾರರ ಸಂಘವನ್ನು ಸೇರಿದರು. 2023ರ ಒಪ್ಪಂದದಿಂದ ಟ್ರಿಪಲ್ ಎ ಆಟಗಾರನ ವಾರ್ಷಿಕ ಕನಿಷ್ಠ ವೇತನ 17,500 ಡಾಲರಿನಿಂದ 35,800 ಡಾಲರಿಗೆ ಏರಿತು. ಅದಕ್ಕಿಂತ ಮುಂಚೆ ಚಳಿಗಾಲವಿಡೀ ಬೇರೆ ಕೆಲಸ ಹುಡುಕಿಕೊಂಡು ಹೊಟ್ಟೆ ಹೊರೆದವರು ಅಸಂಖ್ಯ.

ಪಾಟಕೆಟ್ ಊರಿನ ತಂಡವು ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡದ ಕೈಕೆಳಗಿನ ಟ್ರಿಪಲ್ ಎ ತಂಡವಾಗಿತ್ತು. ಅಲ್ಲಿಂದ ಬಾಸ್ಟನ್ ಸುಮಾರು ಒಂದು ಗಂಟೆಯ ದಾರಿ. ಆದರೆ ಆ ಒಂದು ಗಂಟೆಯ ದಾರಿಯನ್ನು ದಾಟಲು ಆಟಗಾರರಿಗೆ ವರ್ಷಗಳೇ ಬೇಕಾಗುತ್ತಿದ್ದವು. ನಿನ್ನೆ ಸಂಜೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕಂಡ ಹುಡುಗ ಈ ಹೊತ್ತು ಬಾಸ್ಟನ್ನಿನ ಫೆನ್ವೇ ಪಾರ್ಕಿನಲ್ಲಿ ಸಾವಿರಾರು ಜನರ ಮುಂದೆ ನಿಂತಿರುವುದನ್ನು ದೂರದರ್ಶನದಲ್ಲಿ ಕಂಡಾಗ, ಆ ಊರಿನವರಿಗೆ ಮನೆಯ ಮಗನೇ ಮುಂದೆ ಬಂದಷ್ಟು ಸಂತೋಷ. ಗಾಯಗೊಂಡ ಪ್ರಸಿದ್ಧ ಆಟಗಾರರು ಚೇತರಿಸಿಕೊಳ್ಳುವಾಗ ಮತ್ತೆ ಇದೇ ಚಿಕ್ಕ ಮೈದಾನಕ್ಕೆ ಬಂದು ಆಡುವುದೂ ಇತ್ತು.

ಪಾಟಕೆಟ್ ಬಟ್ಟೆ ಗಿರಣಿಗಳ ಊರು. ಸ್ಲೇಟರ್ ಗಿರಣಿ ಎಂಬ 1793ರ ಕಟ್ಟಡ ಅಲ್ಲಿ ಇಂದಿಗೂ ಇದೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕನ ಮಗನಾಗಿ ಬೆಳೆದ ನಮ್ಮ ಮಿತ್ರರಿಗೆ ಆ ಊರಿನ ಮೌನ ಪರಿಚಿತವೇ ಆಗಿತ್ತು. ಅಂಥ ಊರಿಗೆ ಉಳಿದಿದ್ದ ಹೆಮ್ಮೆ ಎಂದರೆ 1942ರಲ್ಲಿ ತೆರೆದ ಮೆಕಾಯ್ ಕ್ರೀಡಾಂಗಣ. 1977ರಲ್ಲಿ ದಿವಾಳಿಯಾಗಿದ್ದ ತಂಡವನ್ನು ಬೆನ್ ಮಾಂಡರ್ ಎಂಬ ನಿವೃತ್ತ ಜವಳಿ ಉದ್ಯಮಿ ಕೊಂಡು, ಟಿಕೆಟ್ಟಿನ ದರವನ್ನು ಕೆಳಗಿಟ್ಟು, ದುಡಿಯುವ ಕುಟುಂಬಗಳು ಮಕ್ಕಳೊಡನೆ ಬರುವಂತೆ ಮಾಡಿದರು. ಅಲ್ಲಿ ಆಟಗಾರರು ಕೂರುವ ಜಾಗ ಪ್ರೇಕ್ಷಕರ ಮೊದಲ ಸಾಲಿಗಿಂತ ಕೆಳಗಿತ್ತು. ಮಕ್ಕಳು ಹಾಲಿನ ಪ್ಲಾಸ್ಟಿಕ್ ಡಬ್ಬಿಯನ್ನು ಕತ್ತರಿಸಿ, ಅದರಲ್ಲಿ ಚೆಂಡು ಮತ್ತು ಪೆನ್ನನ್ನಿಟ್ಟು, ಹಗ್ಗ ಕಟ್ಟಿ ಕೆಳಗಿಳಿಸುತ್ತಿದ್ದರು. ಆಟಗಾರರು ಸಹಿ ಹಾಕಿ ಮರಳಿ ಇಡುತ್ತಿದ್ದರು. “ನಮ್ಮೂರ ಬಾವಿಯಲ್ಲಿ ನೀರು ಸೇದಿದ ಹಾಗೇ ಇತ್ತು ನೋಡಿ ಶಾಸ್ತ್ರಿಗಳೇ” ಎಂದು ಮಿತ್ರರು ಹೇಳಿದಾಗ ಅವರ ಕಣ್ಣು ಮಿನುಗಿತು.

ಈ ಮೈದಾನದಲ್ಲಿ ನಡೆದ ಒಂದು ಆಟದ ವೃತ್ತಾಂತವನ್ನು ಓದುಗರು ಅವಶ್ಯವಾಗಿ ತಿಳಿಯಬೇಕು. 1981ರ ಏಪ್ರಿಲ್ 18ರ ಶನಿವಾರ ರಾತ್ರಿ ಪಾಟಕೆಟ್ ತಂಡಕ್ಕೂ ರಾಚೆಸ್ಟರ್ ತಂಡಕ್ಕೂ ಆಟ ಆರಂಭವಾಯಿತು. ಬಂದ ಪ್ರೇಕ್ಷಕರು 1,740. ಈ ಆಟದಲ್ಲಿ ಸಮಬಲವೆಂಬ ಮುಕ್ತಾಯವಿಲ್ಲ. ಒಬ್ಬರು ಗೆಲ್ಲುವವರೆಗೆ ಇನಿಂಗ್ಸ್‌ಗಳು ಮುಂದುವರಿಯುತ್ತವೆ. ಒಂಬತ್ತರಲ್ಲಿ ಸಮ, ಇಪ್ಪತ್ತೊಂದರಲ್ಲಿ ಮತ್ತೆ ಸಮ. ಚಳಿ ಎಷ್ಟಿತ್ತೆಂದರೆ ಆಟಗಾರರು ಮುರಿದ ಬ್ಯಾಟುಗಳನ್ನೇ ಸುಟ್ಟು ಮೈ ಕಾಯಿಸಿಕೊಂಡರು. ತನ್ನ ಸರದಿ ಮುಗಿಸಿ ನಟ್ಟಿರುಳಿನ ನಂತರ ಮನೆಗೆ ಹೋದ ಒಬ್ಬ ಪಿಚರನು ಇಷ್ಟು ಹೊತ್ತೂ ಆಟವೇ ನಡೆಯಿತೆಂದರೆ ಹೆಂಡತಿ ನಂಬಲಿಲ್ಲವೆಂಬ ಕಥೆ ಅಲ್ಲಿ ಮನೆಮಾತಾಗಿದೆ. ಕೊನೆಗೆ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 32 ಇನಿಂಗ್ಸ್ ಮುಗಿದಾಗ ಆಟವನ್ನು ನಿಲ್ಲಿಸಿದರು. ಆಗ ಮೈದಾನದಲ್ಲಿ ಉಳಿದಿದ್ದ ಪ್ರೇಕ್ಷಕರು ಹತ್ತೊಂಬತ್ತು ಮಂದಿ ಮಾತ್ರ. ಅವರಿಗೆಲ್ಲ ಮಾಂಡರ್ ಉಚಿತ ಪಾಸುಗಳನ್ನು ಕೊಟ್ಟು ಗೌರವಿಸಿದರು.

ಉಳಿದ ಆಟವನ್ನು ಅದೇ ವರ್ಷದ ಜೂನ್ 23ರಂದು ಮುಂದುವರಿಸಿದರು. ಆಗ ಮೇಜರ್ ಲೀಗ್ ಆಟಗಾರರ ಮುಷ್ಕರ ನಡೆದಿತ್ತಾದ್ದರಿಂದ ದೇಶದ ಪತ್ರಕರ್ತರೆಲ್ಲ ಆ ಚಿಕ್ಕ ಊರಿಗೆ ಧಾವಿಸಿದರು, ಪ್ರೇಕ್ಷಕರೂ ಕಿಕ್ಕಿರಿದರು. ಆಟ ಹದಿನೆಂಟೇ ನಿಮಿಷದಲ್ಲಿ ಮುಗಿಯಿತು. ಮೂವತ್ತಮೂರನೆಯ ಇನಿಂಗ್ಸ್‌ನಲ್ಲಿ ಡೇವ್ ಕೋಜಾ ಎಂಬಾತ ಹೊಡೆದ ಹೊಡೆತದಿಂದ ಪಾಟಕೆಟ್ 3-2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲಿನಲ್ಲಿ ಇದಕ್ಕಿಂತ ದೀರ್ಘವಾದ ಆಟ ನಡೆದಿಲ್ಲ. ಹೆಚ್ಚುವರಿ ಇನಿಂಗ್ಸ್‌ಗಳಲ್ಲಿ ಎರಡನೆಯ ಬೇಸ್‌ನಲ್ಲಿ ಮೊದಲೇ ಒಬ್ಬ ಓಟಗಾರನನ್ನು ನಿಲ್ಲಿಸುವ ನಿಯಮ 2018ರಿಂದ ಮೈನರ್ ಲೀಗಿನಲ್ಲಿ ಬಂದಿರುವುದರಿಂದ ಇನ್ನು ಮುಂದೆ ನಡೆಯುವುದೂ ದುರ್ಲಭ.

ಆ ರಾತ್ರಿ ಆಡಿದವರಲ್ಲಿ ಪಾಟಕೆಟ್ಟಿನ ವೇಡ್ ಬಾಗ್ಸ್ ಮುಂದೆ ಮೇಜರ್ ಲೀಗಿನಲ್ಲಿ ಮೂರು ಸಾವಿರಕ್ಕೂ ಮೀರಿ ಹಿಟ್‌ಗಳನ್ನು ಗಳಿಸಿದರು. ರಾಚೆಸ್ಟರಿನ ಕ್ಯಾಲ್ ರಿಪ್ಕೆನ್ ಒಂದನ್ನೂ ತಪ್ಪಿಸದೆ ಸತತ 2,632 ಆಟಗಳನ್ನಾಡಿ ದಾಖಲೆ ಬರೆದರು. ಆದರೆ ಆ ಆಟವನ್ನು ಗೆಲ್ಲಿಸಿದ ಕೋಜಾ ಮಾತ್ರ ಮೇಜರ್ ಲೀಗಿನಲ್ಲಿ ಒಂದು ದಿನವೂ ಆಡಲಿಲ್ಲ. ಬಾಗ್ಸ್ ಮತ್ತು ರಿಪ್ಕೆನ್ ಯಾರಾಗುವರೆಂದು ಆ ಹತ್ತೊಂಬತ್ತು ಮಂದಿಗೆ ಗೊತ್ತಿರಲಿಲ್ಲ; ಕೋಜಾ ಯಾರಾಗದೆ ಉಳಿಯುವರೆಂದೂ ಗೊತ್ತಿರಲಿಲ್ಲ. ಮೂವರಿಗೂ ಒಂದೇ ಸಮನಾಗಿ ಚಪ್ಪಾಳೆ ತಟ್ಟುತ್ತ ಚಳಿಯಲ್ಲಿ ಕುಳಿತರು. ಸಂಸ್ಕೃತದ ‘ಅಭಿಮಾನ’ ಶಬ್ದಕ್ಕೆ ಅಹಂಕಾರವೆಂಬ ಅರ್ಥವೂ ಇದೆ, ಪ್ರೀತಿಯೆಂಬ ಅರ್ಥವೂ ಇದೆ. ಗೆದ್ದ ತಂಡದ ಅಂಗಿ ತೊಟ್ಟು ಬೀದಿಯಲ್ಲಿ ಕುಣಿಯುವಾಗ ಯಾವ ಅರ್ಥ ಮೇಲಾಗಿದೆಯೆಂದು ಹೇಳುವುದು ಕಷ್ಟ. ಬೆಳಗಿನ ನಾಲ್ಕಕ್ಕೆ, ಹೆಸರಿಲ್ಲದ ಹುಡುಗರ ಮುಂದೆ, ಕೊರೆಯುವ ಚಳಿಯಲ್ಲಿ ಕುಳಿತಾಗ ಯಾವ ಸಂದೇಹವೂ ಉಳಿಯುವುದಿಲ್ಲ.

ಆದರೆ ಅಭಿಮಾನಿಗೆ ತನ್ನ ತಂಡದ ಮೇಲೆ ಒಡೆತನವಿಲ್ಲವಲ್ಲ! 2010ರಲ್ಲಿ ಮಾಂಡರ್ ತೀರಿಕೊಂಡರು. 2015ರಲ್ಲಿ ತಂಡ ಬೇರೆಯವರ ಕೈಸೇರಿತು. ಹೊಸ ಕ್ರೀಡಾಂಗಣಕ್ಕೆ ಸಾರ್ವಜನಿಕರ ಹಣವೆಷ್ಟು ಎಂಬ ಚರ್ಚೆ ಬಗೆಹರಿಯದೆ, ತಂಡವು ನೆರೆಯ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರಕ್ಕೆ ಹೋಗುವುದೆಂದು 2018ರಲ್ಲಿ ಪ್ರಕಟವಾಯಿತು. 2020 ಪಾಟಕೆಟ್ಟಿನ ಕೊನೆಯ ಋತುವಾಗಬೇಕಿತ್ತು. ಅಜ್ಜ ಮೊಮ್ಮಗ ಒಂದಾಟವನ್ನೂ ಬಿಡದೆ ನೋಡಿ ಬೀಳ್ಕೊಡಬೇಕೆಂದು ನಿಶ್ಚಯಿಸಿದ್ದರು. ಆ ವರ್ಷ ಮಹಾಮಾರಿಯಿಂದಾಗಿ ಮೈನರ್ ಲೀಗಿನ ಋತುವೇ ರದ್ದಾಯಿತು. 2019ರಲ್ಲಿ ನೋಡಿ ಬಂದದ್ದೇ ಕಡೆಯ ಆಟವಾಗಿತ್ತು. ಅದು ಕಡೆಯದೆಂದು ಅವರಿಗೆ ತಿಳಿದಿರಲಿಲ್ಲ. ಆ ಹಾಳೆಯನ್ನು ಮಿತ್ರರು ನಮಗೆ ತೋರಿಸಿದರು. ಬೇರೆ ಯಾವ ಹಾಳೆಗೂ ಇಲ್ಲದಂತೆ ಅದಕ್ಕೆ ಗಾಜಿನ ಕಟ್ಟು ಹಾಕಿಸಿದ್ದಾರೆ. ಈಗ ಆ ಕ್ರೀಡಾಂಗಣವನ್ನೂ ಕೆಡವಿ, ಪ್ರೌಢಶಾಲೆಗೆಂದು ಜಾಗವನ್ನು ತೆರವು ಮಾಡಲಾಗಿದೆ. ಇದು ಒಂದೂರಿನ ದುಃಖವಲ್ಲ. 2021ರಲ್ಲಿ ಮೇಜರ್ ಲೀಗು ತನ್ನ ಅಧೀನದ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದಾಗ ಎಷ್ಟೋ ಸಣ್ಣ ಊರುಗಳಿಗೆ ಇದೇ ಗತಿಯಾಯಿತು.

ಮೊಮ್ಮಗ ಎರಡು ವರ್ಷ ವೂಸ್ಟರಿಗೆ ಹೋಗಲು ಒಪ್ಪಲಿಲ್ಲವಂತೆ. “ನಮ್ಮನ್ನು ಬಿಟ್ಟು ಹೋದವರನ್ನು ನಾವೇಕೆ ಹುಡುಕಿಕೊಂಡು ಹೋಗಬೇಕು ಅಜ್ಜ?” ಎಂದು ಕೇಳಿದನಂತೆ. ಮಿತ್ರರು ತಮ್ಮ ತಂದೆಯ ಕಥೆ ಹೇಳಿದರು. ಗಿರಣಿ ಮುಚ್ಚಿದ ಮೇಲೂ ಅವರ ತಂದೆ ಸೈರನ್ನಿನ ಹೊತ್ತಿಗೆ ಏಳುತ್ತಿದ್ದರು. ಮಾಲೀಕರ ಮೇಲೆ ಕೋಪವಿತ್ತು. ಜೊತೆಗೆ ದುಡಿದವರ ಮೇಲೆ ಎಂದೂ ಇರಲಿಲ್ಲ. ಬೇರೆ ಊರಿನ ಗಿರಣಿ ಸೇರಿದವರ ಮನೆಯ ಮದುವೆಗೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. “ಹೋದವರು ಮಾಲೀಕರಪ್ಪ. ಈಗ ಆಡುತ್ತಿರುವ ಹುಡುಗರು ನಮಗೇನು ತಪ್ಪು ಮಾಡಿದ್ದಾರೆ?” ಎಂದು ಮಿತ್ರರು ಕೇಳಿದಾಗ ಹುಡುಗ ಉತ್ತರಿಸಲಿಲ್ಲ. ಮರುವಾರ ಪೆನ್ಸಿಲು ಹುಡುಕಿ ತಂದನಂತೆ.

ನಾವೂ ಅವರೊಡನೆ ಒಂದು ಸಂಜೆ ವೂಸ್ಟರಿನ ಪೋಲಾರ್ ಪಾರ್ಕಿಗೆ ಹೋದೆವು. ಹುಡುಗನಿಗೆ ಈಗ ಹದಿನೇಳು. ಮುಂದಿನ ವರ್ಷ ಕಾಲೇಜಿಗೆಂದು ದೂರದ ಊರಿಗೆ ಹೋಗುವವನಿದ್ದಾನೆ. ಏಳನೆಯ ಇನಿಂಗ್ಸ್‌ನಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗ ಅವನು ಹಾಳೆಯನ್ನು ನಮ್ಮ ಕೈಗಿತ್ತು, “ಮುಂದಿನದನ್ನು ನೀವು ಬರೆಯಿರಿ, ಅಜ್ಜನಿಗೆ ಸಣ್ಣ ಚೌಕ ಸರಿಯಾಗಿ ಕಾಣಿಸುವುದಿಲ್ಲ” ಎಂದನು. ಆ ಕನ್ನಡ ಶುದ್ಧವಾಗಿತ್ತು. ನಾವು ನಡುಗುವ ಕೈಯಿಂದ ಮೂರು ಹೆಸರು ಬರೆದೆವು, ಎರಡು ಅಂಕೆಗಳನ್ನು ತಪ್ಪಿದೆವು, ಅವನು ತಿದ್ದಿದನು. ಆ ಸಂಜೆ ವೂಸ್ಟರ್ ತಂಡ ಸೋತಿತು. ಹಿಂದಿರುಗುವ ದಾರಿಯಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಸೋತ ಪಿಚರನ ಆಟವನ್ನು ಕುರಿತೇ ಬಹಳ ಹೊತ್ತು ಮಾತನಾಡಿದರು.

ಹೆತ್ತವರು ಮಕ್ಕಳನ್ನು ದೊಡ್ಡ ಆಟಗಳಿಗೆ ಕರೆದೊಯ್ಯಲಿ, ತಪ್ಪಿಲ್ಲ. ಆದರೆ ಬಿಡುವಿನ ಒಂದು ದಿನ ನಮ್ಮ ರಣಜಿ ಪಂದ್ಯ ನಡೆಯುವ ಮೈದಾನಕ್ಕೋ, ಊರಿನ ಶಾಲಾ ಮಕ್ಕಳ ಆಟಕ್ಕೋ ಕೈಹಿಡಿದು ಕರೆದೊಯ್ಯಿರಿ. ಹೆಸರು ಬಂದವರನ್ನು ಲೋಕವೇ ನೋಡಿಕೊಳ್ಳುತ್ತದೆ. ಹೆಸರು ಬಾರದೆ ಶ್ರಮಿಸುವವರ ಮುಂದೆ ಕುಳಿತು ಕಡೆಯವರೆಗೆ ನೋಡುವ ಅಭ್ಯಾಸ ಮನೆಯಲ್ಲೇ ಬರಬೇಕು. ಹೋಗುವಾಗ ಒಂದು ಹಾಳೆ, ಒಂದು ಪೆನ್ಸಿಲು ಜೊತೆಗಿರಲಿ.