ಆರೋಪಿಯ ಚರಿತ್ರೆ ಗೋಡೆಯ ಮೇಲೆ, ಅಧಿಕಾರಿಯ ಚರಿತ್ರೆ ಬೀರುವಿನೊಳಗೆ!



ಠಾಣೆಯ ಮೆಟ್ಟಿಲು ಹತ್ತಿದವರಿಗೆ ಗೊತ್ತು, ರೌಡಿ ಶೀಟರ್‌ಗಳ ಫೋಟೊಗಳು ಗೋಡೆಯ ಮೇಲೆ ಸಾಲಾಗಿ ಇರುತ್ತವೆ. ಜಾಮೀನು ಅರ್ಜಿ ಬಂದ ದಿನ ಸರ್ಕಾರಿ ಅಭಿಯೋಜಕರು ಎದ್ದು ನಿಂತು "ಆರೋಪಿಗೆ ಅಪರಾಧದ ಹಿನ್ನೆಲೆ ಇದೆ ಸ್ವಾಮಿ" ಅನ್ನುತ್ತಾರೆ. ಹತ್ತು ವರ್ಷದ ಹಿಂದಿನ ಬೀದಿ ಜಗಳವೂ ಅಂದು ಹೊರಬರುತ್ತದೆ. ಸರಿ, ಬರಲಿ. ಆದರೆ ಅದೇ ಪ್ರಕರಣದ ತನಿಖಾಧಿಕಾರಿ ಹಿಂದೊಮ್ಮೆ ಕೂತಲ್ಲೇ ಮಹಜರು ಬರೆದು ಸಿಕ್ಕಿಬಿದ್ದಿದ್ದರೆ? ಲಾಕಪ್ಪಿನಲ್ಲಿ ಹೊಡೆದು ಇಲಾಖಾ ವಿಚಾರಣೆ ಎದುರಿಸಿದ್ದರೆ? ಆ ಕಡತ ಕಚೇರಿಯ ಬೀರುವಿನಲ್ಲೇ ಉಳಿಯುತ್ತದೆ. ಆರೋಪಿಗಿರಲಿ, ತೀರ್ಪು ಬರೆಯುವ ನ್ಯಾಯಾಧೀಶರಿಗೂ ಅದು ಕಾಣುವುದಿಲ್ಲ.

ಕೊಡಗಿನ ಆದಿವಾಸಿ ಕೂಲಿಕಾರ್ಮಿಕನ ಕಥೆ ನೆನಪಿದೆಯೇ? ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಡಲು ಹೋದವನು ಅವನು. ಎಲ್ಲೋ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಮೈಸೂರು ಜಿಲ್ಲೆಯ ಪೊಲೀಸರು ಅವನ ಮೇಲೆ ಕೊಲೆ ಆರೋಪದ ಚಾರ್ಜ್‌ಶೀಟ್ ಹಾಕಿದರು. ವರ್ಷಕ್ಕೂ ಹೆಚ್ಚು ಕಾಲ ಅವನು ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ, 'ಸತ್ತ' ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡಳು! ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಷ್ಟೇ, ಒಂದು ಲಕ್ಷ. ಅದು ಹಾಗಿರಲಿ, ನಾವು ಕೇಳುವುದು ಬೇರೆ. ಆ ಚಾರ್ಜ್‌ಶೀಟಿಗೆ ರುಜು ಹಾಕಿದ ಕೈ ನಾಳೆ ಇನ್ಯಾವುದೋ ಊರಿನಲ್ಲಿ ಇನ್ಯಾರದೋ ಮೇಲೆ ರುಜು ಹಾಕಿದರೆ, ಅಲ್ಲಿಯ ವಕೀಲರಿಗೆ ಈ ಹಳೆಯ ಕಥೆಯನ್ನು ಹೇಳುವವರು ಯಾರು? ಹೇಳಲೇಬೇಕೆಂಬ ನಿಯಮ ಇಂದಿಗೂ ಇಲ್ಲ.

ಸಾಕ್ಷಿಯ ನಂಬಿಕೆಯನ್ನು ಪಾಟೀಸವಾಲಿನಲ್ಲಿ ಅಲುಗಿಸಬಹುದು ಎನ್ನುತ್ತದೆ ಹೊಸ ಸಾಕ್ಷ್ಯ ಅಧಿನಿಯಮದ 149ನೇ ಕಲಂ. ಆಧಾರವಿಲ್ಲದೆ ಅಂಥ ಪ್ರಶ್ನೆ ಕೇಳಬೇಡಿ ಎನ್ನುತ್ತದೆ 152ನೇ ಕಲಂ. ಆಧಾರ ಇರುವುದೋ ಬೀಗ ಹಾಕಿದ ಬೀರುವಿನಲ್ಲಿ! ಮಾಹಿತಿ ಹಕ್ಕಿನಲ್ಲಿ ಕೇಳಿದರೆ 2012ರ ಗಿರೀಶ್ ದೇಶಪಾಂಡೆ ತೀರ್ಪನ್ನು ಮುಖಕ್ಕೆ ಹಿಡಿಯುತ್ತಾರೆ. ನೌಕರನಿಗೆ ಕೊಟ್ಟ ಮೆಮೊ, ನೋಟಿಸು, ಶಿಕ್ಷೆ ಎಲ್ಲ 'ವೈಯಕ್ತಿಕ ಮಾಹಿತಿ' ಎಂದು ಸುಪ್ರೀಂ ಕೋರ್ಟ್ ಹೇಳಿದ ತೀರ್ಪದು. ದೊಡ್ಡ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂಬ ಕಿಂಡಿ ಅಂಥ ಮಾಹಿತಿಗೆ ತಡೆ ಹಾಕುವ ಕಲಮಿನಲ್ಲೇ ಇತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನೂ ಮುಚ್ಚಿಹಾಕಿತು. ಈಗ ಉಳಿದಿರುವುದು ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಒಂದೇ. ಸಾರ್ವಜನಿಕರ ದುಡ್ಡಿನಲ್ಲಿ ಲಾಠಿ ಹಿಡಿದವರ ಶಿಸ್ತುಕ್ರಮ ಅವರ ಮನೆಯ ಗುಟ್ಟು ಹೇಗಾಗುತ್ತದೆ? ನಮಗಂತೂ ತಿಳಿಯದು.

ಅಮೆರಿಕದ ಪೊಲೀಸರೇನೂ ಸಾಧುಗಳಲ್ಲ. ಆದರೂ ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಅಭಿಯೋಜಕರು ಮುಚ್ಚಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ಬ್ರೇಡಿ ಪ್ರಕರಣದಲ್ಲಿ ಹೇಳಿತು. ಸಾಕ್ಷಿಯ ನಂಬಿಕೆಗೆ ಕುಂದು ತರುವ ಮಾಹಿತಿಯೂ ಅದರಲ್ಲಿ ಸೇರುತ್ತದೆ ಎಂದು 1972ರ ಗಿಗ್ಲಿಯೋ ತೀರ್ಪು ಸೇರಿಸಿತು. ಸುಳ್ಳು ಹೇಳಿ ಸಿಕ್ಕಿಬಿದ್ದ ಪೊಲೀಸರ 'ಬ್ರೇಡಿ ಪಟ್ಟಿ'ಯನ್ನು ಅಲ್ಲಿನ ಅನೇಕ ಅಭಿಯೋಜಕರ ಕಚೇರಿಗಳು ಇಟ್ಟುಕೊಂಡಿವೆ. ಪೊಲೀಸರ ಶಿಸ್ತು ಕಡತಗಳನ್ನು ಗುಟ್ಟಾಗಿಟ್ಟಿದ್ದ ನ್ಯೂಯಾರ್ಕಿನ 50-ಎ ಕಾನೂನು 2020ರ ಜೂನ್‌ನಲ್ಲಿ ರದ್ದಾಯಿತು, ಬೀದಿಗೆ ಬಂದ ಜನರಿಂದಾಗಿ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯೂ ಬ್ರೇಡಿ ತೀರ್ಪು ಬಂದ 1963ರದ್ದೇ. ಅಧಿಕಾರಿಯ ಶಿಸ್ತು ಕಡತವನ್ನು ಆರೋಪಿಗೆ ತೋರಿಸಬೇಕೆನ್ನುವ ಕಲಂ ಮಾತ್ರ ಅದರಲ್ಲಿಲ್ಲ.

ನಮ್ಮಲ್ಲಿ ದಾರಿಯೇ ಇಲ್ಲವೆಂದಲ್ಲ. ತನಿಖಾಧಿಕಾರಿ ವಶಪಡಿಸಿಕೊಂಡೂ ಬಳಸದೆ ಬಿಟ್ಟ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಬಿಡದಿಯ ಆಶ್ರಮದ ಸುತ್ತ ಹುಟ್ಟಿದ ಪ್ರಕರಣವೊಂದರಲ್ಲಿ, ಮುಚ್ಚಿಟ್ಟ ಗಟ್ಟಿ ದಾಖಲೆಯನ್ನು ನ್ಯಾಯಾಲಯ ತರಿಸಿಕೊಳ್ಳಬಹುದು ಎಂದು 2017ರಲ್ಲಿ ಅದೇ ನ್ಯಾಯಾಲಯ ಒಪ್ಪಿದೆ. ಎಲ್ಲಕ್ಕಿಂತ ಮುಖ್ಯವಾದದ್ದು 2014ರ ಜನವರಿಯ ಕಿಶನ್‌ಭಾಯಿ ತೀರ್ಪು. ಆರೋಪಿ ಖುಲಾಸೆಯಾದ ಪ್ರತಿ ಪ್ರಕರಣವನ್ನೂ ರಾಜ್ಯದ ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು, ತನಿಖೆ ಕೆಡಿಸಿದವರನ್ನು ಗುರುತಿಸಬೇಕು, ಅವರ ಮೇಲೆ ಇಲಾಖಾ ಕ್ರಮ ಆಗಬೇಕು ಎಂಬುದು ಅದರ ಆದೇಶ. ಹಾಗಾದರೆ ಹೆಸರುಗಳು ಎಲ್ಲೋ ಇರಬೇಕಲ್ಲ! ಅವನ್ನು ನ್ಯಾಯಾಲಯಕ್ಕೆ ಕೊಡಲು ಯಾವ ಅಡ್ಡಿ?

"ಪೊಲೀಸರ ಮೇಲೆ ಯಾರು ಬೇಕಾದರೂ ಸುಳ್ಳು ದೂರು ಕೊಡುತ್ತಾರೆ" ಎನ್ನುವ ಮಾತು ಸುಳ್ಳಲ್ಲ. ಆದ್ದರಿಂದ ಬಂದ ದೂರನ್ನೆಲ್ಲ ಬೀದಿಗೆ ಎಳೆಯಿರಿ ಎಂದು ನಾವು ಕೇಳುತ್ತಿಲ್ಲ. ಇಲಾಖಾ ವಿಚಾರಣೆಯಲ್ಲಿ ರುಜುವಾತಾದದ್ದು, ನ್ಯಾಯಾಲಯಗಳೇ ಛೀಮಾರಿ ಹಾಕಿದ್ದು ಚಾರ್ಜ್‌ಶೀಟಿನ ಜೊತೆಗೇ ಬರಲಿ. ಬಾಕಿ ಇರುವ ವಿಚಾರಣೆಯ ಕಡತವನ್ನು ಮೊದಲು ನ್ಯಾಯಾಧೀಶರು ಮುಚ್ಚಿದ ಲಕೋಟೆಯಲ್ಲಿ ನೋಡಿ ನಿರ್ಧರಿಸಲಿ. ಪಂಚರು ಉಲ್ಟಾ ಹೊಡೆದ ಪ್ರಕರಣಗಳಲ್ಲಿ ಪೊಲೀಸರ ಮಾತೊಂದನ್ನೇ ನಂಬಿ ಶಿಕ್ಷೆ ಕೊಡಬಹುದು ಎಂಬುದು ಈ ದೇಶದ ಕಾನೂನು. ಆ ಮಾತಿನ ತೂಕ ನೋಡುವ ತಕ್ಕಡಿಯಾದರೂ ನೆಟ್ಟಗಿರಬೇಡವೇ? ಹದಿನೈದು ವರ್ಷ ಕಳಂಕವಿಲ್ಲದೆ ದುಡಿದ ಹೆಡ್ ಕಾನ್‌ಸ್ಟೇಬಲ್‌ಗೆ ಇದರಿಂದ ನಷ್ಟವೇನೂ ಇಲ್ಲ. ಇಂದು ಕಟಕಟೆಯಲ್ಲಿ ಅವರಿಗೂ ಕಳ್ಳ ಮಹಜರಿನವನಿಗೂ ಒಂದೇ ಬೆಲೆ.

ವಕೀಲ ಮಿತ್ರರೇ, ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಶಿಸ್ತು ಕಡತಕ್ಕೆ ಅರ್ಜಿ ಹಾಕಿ. ತಿರಸ್ಕರಿಸಿದರೆ ಕಾರಣ ಬರೆಸಿಕೊಳ್ಳಿ. ಠಾಣೆಯಲ್ಲಿ ಹೊಡೆತ ತಿಂದವರೇ, ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಡಬೇಕೆಂದು 2020ರಲ್ಲೇ ಆದೇಶವಾಗಿದೆ. ತಡಮಾಡದೆ ಲಿಖಿತವಾಗಿ ಕೇಳಿ, ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಒಂದು ಪ್ರತಿ ಹಾಕಿ.

ಪೊಲೀಸ್ ಕಾಯ್ದೆಗೆ ತಿದ್ದುಪಡಿ ಕೇಳುವ ಮನವಿ ಈ ಹಾಳೆಯ ಹಿಂಬದಿಯಲ್ಲಿದೆ. ಸಹಿ ಹಾಕಿ, ಬೀದಿಯ ಹತ್ತು ಜನರ ಸಹಿ ಸೇರಿಸಿ, ನಿಮ್ಮ ಶಾಸಕರ ಕಚೇರಿಗೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.